ಅಮೆರಿಕಕ್ಕೆ ಹೊರಟ ಬೆಂಗಳೂರಿನವರಿಗೆ: ಸೆಡಾನ್ ಕೊಳ್ಳುವಾಗ ಹೈಬ್ರಿಡ್ಡೋ, ಬರೀ ಪೆಟ್ರೋಲೋ?

ವೀಸಾ ಬಂದು, ಟಿಕೆಟ್ ಆಗಿ, ಬೆಂಗಳೂರಿನಲ್ಲಿ ಇನ್ನೂ ಕೆಲವು ವಾರ ಉಳಿದಿದ್ದರೆ ಕಾರಿನ ವಿಚಾರವನ್ನು 'ಹೋದಮೇಲೆ ನೋಡೋಣ' ಎಂದು ಬಿಡಬೇಡಿ. ಡಲ್ಲಾಸ್, ಫೀನಿಕ್ಸ್‌ನಂಥ ಊರುಗಳ ಬಹುಪಾಲು ಬಡಾವಣೆಗಳಲ್ಲಿ ಕಾರಿಲ್ಲದೆ ಹಾಲು ತರುವುದೂ ಕಷ್ಟ. ಹಾಗಾಗಿ ಬಂದ ಮೊದಲ ತಿಂಗಳಲ್ಲೇ, ಬಾಡಿಗೆ ಕಾರಿನ ಬಿಲ್ ಏರುತ್ತಿರುವಾಗ, ಶೋರೂಮಿನವರು ತೋರಿಸಿದ ಮೊದಲ ಕಾರಿಗೇ ಸಹಿ ಹಾಕುವವರು ಬಹಳ. ಲೆಕ್ಕವನ್ನು ಹೊರಡುವ ಮುಂಚೆಯೇ ಮಾಡಿಟ್ಟುಕೊಂಡರೆ ಆ ಒತ್ತಡ ಇರುವುದಿಲ್ಲ.

ಹೈಬ್ರಿಡ್ ಎಂದರೆ ಪೆಟ್ರೋಲ್ ಎಂಜಿನ್ನಿನ ಜೊತೆಗೆ ಬ್ಯಾಟರಿಯಿಂದ ಓಡುವ ಮೋಟರೂ ಇರುವ ಗಾಡಿ. ಅದನ್ನು ಓಡಿಸಿ ನೋಡಲು ಅಮೆರಿಕಕ್ಕೆ ಬರಬೇಕಾಗಿಲ್ಲ. ಟೊಯೊಟಾದ ಇನ್ನೋವಾ ಹೈಕ್ರಾಸ್ ನಮ್ಮ ಬಿಡದಿಯಲ್ಲೇ ತಯಾರಾಗುತ್ತದೆ. ಹೋಂಡಾ ಸಿಟಿಯ ಹೈಬ್ರಿಡ್ 2022ರಲ್ಲಿ ಭಾರತಕ್ಕೆ ಬಂತು. ಶೋರೂಮಿನಲ್ಲಿ 'ಸ್ಟ್ರಾಂಗ್ ಹೈಬ್ರಿಡ್', ಅಂದರೆ ಬರೀ ಮೋಟರಿನಿಂದಲೂ ಸ್ವಲ್ಪ ದೂರ ಓಡಬಲ್ಲ ಗಾಡಿಯನ್ನೇ ಕೇಳಿ. ಟೆಸ್ಟ್ ಡ್ರೈವ್ ಭಾನುವಾರದ ಖಾಲಿ ರಸ್ತೆಯಲ್ಲಿ ಬೇಡ. ಆಫೀಸಿಗೆ ಹೋಗುವ ಹೊತ್ತಿನಲ್ಲಿ ಸಿಲ್ಕ್ ಬೋರ್ಡ್ ಕಡೆ ಹೋಗಿ. ಗಾಡಿ ತೆವಳುವಾಗ ಡ್ಯಾಶ್‌ಬೋರ್ಡ್‌ನಲ್ಲಿ 'ಇವಿ' ದೀಪ ಹತ್ತಿ ಎಂಜಿನ್ ಸುಮ್ಮನಾಗುತ್ತದೆ. ಬ್ರೇಕ್ ಒತ್ತಿದಾಗ ಪರದೆಯ ಬಾಣದ ಗುರುತು ಚಕ್ರದಿಂದ ಬ್ಯಾಟರಿಯ ಕಡೆ ತಿರುಗುತ್ತದೆ. ನೋಡಬೇಕಾದ್ದು ಇದೇ. ನಿಲ್ಲಿಸುವಾಗ ಬಿಸಿಯಾಗಿ ಹೋಗುತ್ತಿದ್ದ ಶಕ್ತಿ ಬ್ಯಾಟರಿಗೆ ವಾಪಸ್ ಬರುತ್ತದೆ, ಉಳಿತಾಯದ ದೊಡ್ಡ ಪಾಲು ಹುಟ್ಟುವುದು ಅಲ್ಲೇ. ಬ್ರೇಕೇ ಹಾಕದ ಹೆದ್ದಾರಿಯಲ್ಲಿ ಆ ಪಾಲು ಸಿಗುವುದಿಲ್ಲ.

ಸಿಗ್ನಲ್ಲಿನಲ್ಲಿ ಗೇರನ್ನು ನ್ಯೂಟ್ರಲ್‌ಗೆ ತಳ್ಳುವ ನಮ್ಮೂರ ಅಭ್ಯಾಸವನ್ನು ಆಗಲೇ ಬಿಡಿ. ಟೊಯೊಟಾ ಹೈಬ್ರಿಡ್‌ನಲ್ಲಿ 'ಎನ್'ಗೆ ಹಾಕಿದರೆ ಬ್ಯಾಟರಿ ಚಾರ್ಜ್ ಆಗುವುದು ನಿಂತುಹೋಗುತ್ತದೆ. ಎಸಿ ಮಾತ್ರ ಅದೇ ಬ್ಯಾಟರಿಯಿಂದ ಓಡುತ್ತಿರುತ್ತದೆ. ಉದ್ದನೆಯ ಜಾಮ್‌ನಲ್ಲಿ ಹೀಗೇ ಕುಳಿತರೆ ಚಾರ್ಜ್ ಇಳಿದು ಎಚ್ಚರಿಕೆಯ ಸಂದೇಶ ಬರುತ್ತದೆ. 'ಡಿ'ಯಲ್ಲೇ ಇಟ್ಟು ಬ್ರೇಕ್ ಒತ್ತಿಹಿಡಿಯಿರಿ.

ಈಗ ಲೆಕ್ಕ. ಹೋಲಿಕೆಗೆ ಟೊಯೊಟಾ ಕೊರೊಲಾ ಅನುಕೂಲ, ಯಾಕೆಂದರೆ ಎಲ್‌ಇ ಎಂಬ ಒಂದೇ ದರ್ಜೆಯಲ್ಲಿ ಎರಡೂ ಸಿಗುತ್ತವೆ. 2025ರ ಮಾಡೆಲ್‌ನಲ್ಲಿ ಹೈಬ್ರಿಡ್‌ಗೆ ಹೆಚ್ಚು ಕೊಡಬೇಕಾಗಿದ್ದದ್ದು ಸುಮಾರು 1,500 ಡಾಲರ್. ಸರ್ಕಾರಿ ಮೈಲೇಜ್ ಪೆಟ್ರೋಲ್ ಗಾಡಿಗೆ ಊರೊಳಗೆ ಗ್ಯಾಲನ್ನಿಗೆ (ಸುಮಾರು 3.8 ಲೀಟರ್) 32 ಮೈಲಿ, ಹೆದ್ದಾರಿಯಲ್ಲಿ 41, ಒಟ್ಟಾರೆ 35. ಹೈಬ್ರಿಡ್‌ಗೆ 53, 46, 50. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಒಟ್ಟಾರೆ ಲೀಟರಿಗೆ ಸುಮಾರು 15 ಕಿಲೋಮೀಟರ್ ಮತ್ತು 21 ಕಿಲೋಮೀಟರ್. ಹೈಬ್ರಿಡ್ ಊರೊಳಗೇ ಹೆಚ್ಚು ಕೊಡುತ್ತದೆ ಎಂಬುದನ್ನು ಗಮನಿಸಿ, ಪೆಟ್ರೋಲ್ ಗಾಡಿಯದು ತದ್ವಿರುದ್ಧ.

ವರ್ಷಕ್ಕೆ 12,000 ಮೈಲಿ, ಗ್ಯಾಲನ್ನಿಗೆ 3 ಡಾಲರ್ ಎಂದಿಟ್ಟುಕೊಳ್ಳಿ. ಒಟ್ಟಾರೆ ಮೈಲೇಜ್ ಹಿಡಿದರೆ ಹೈಬ್ರಿಡ್ ವರ್ಷಕ್ಕೆ 103 ಗ್ಯಾಲನ್, ಅಂದರೆ 309 ಡಾಲರ್ ಉಳಿಸುತ್ತದೆ. ಹೆಚ್ಚು ಕೊಟ್ಟ 1,500 ವಾಪಸ್ ಬರಲು ಹತ್ತಿರ ಹತ್ತಿರ 5 ವರ್ಷ. ಅದೇ ಗಾಡಿ ಪೂರ್ತಿ ಊರೊಳಗೇ ಓಡಿದರೆ ಮೂರೂವರೆ ವರ್ಷ ಸಾಕು. ಪೂರ್ತಿ ಹೆದ್ದಾರಿಯಾದರೆ ವರ್ಷಕ್ಕೆ ಉಳಿಯುವುದು ಬರೀ 95 ಡಾಲರ್, ಹಣ ವಾಪಸ್ ಬರಲು 15 ವರ್ಷ ದಾಟುತ್ತದೆ. ಕ್ಯಾಲಿಫೋರ್ನಿಯಾದಂತೆ ಇಂಧನ ದುಬಾರಿಯಿರುವ ಕಡೆ, ಗ್ಯಾಲನ್ನಿಗೆ 4.75 ಡಾಲರ್ ಹಿಡಿದರೆ, ಒಟ್ಟಾರೆ ಮೈಲೇಜಿನಲ್ಲೇ 3 ವರ್ಷಕ್ಕೆ ಲೆಕ್ಕ ಚುಕ್ತಾ. ಅದಕ್ಕೇ 'ಯಾವುದು ಒಳ್ಳೆಯದು' ಎಂದು ಸ್ನೇಹಿತರನ್ನು ಕೇಳುವ ಮೊದಲು ಮನೆಯಿಂದ ಆಫೀಸಿಗೆ ದಾರಿ ಯಾವುದು, ಅದರಲ್ಲಿ ಸಿಗ್ನಲ್ ಎಷ್ಟು ಎಂದು ನಕ್ಷೆಯಲ್ಲಿ ನೋಡಿ.

ಹೊಸಬರು ಮರೆಯುವುದು ಬಡ್ಡಿ. ಬೆಂಗಳೂರಿನ ಬ್ಯಾಂಕಿನಲ್ಲಿ ನಿಮ್ಮ ಸಿಬಿಲ್ ಸ್ಕೋರ್ ಎಷ್ಟೇ ಚೆನ್ನಾಗಿರಲಿ, ಸಾಮಾನ್ಯವಾಗಿ ಅಮೆರಿಕದಲ್ಲಿ ಸಾಲ ಕೊಡುವವರು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕ್ರೆಡಿಟ್ ಚರಿತ್ರೆ ಸೊನ್ನೆಯಿಂದ ಶುರು, ಹಾಗಾಗಿ ಬಡ್ಡಿ ಜಾಸ್ತಿ. ಶೇ. 10ರ ಬಡ್ಡಿಗೆ 60 ತಿಂಗಳ ಸಾಲ ತೆಗೆದರೆ ಆ 1,500 ಡಾಲರ್ 1,912 ಆಗುತ್ತದೆ, 5 ವರ್ಷದ ಲೆಕ್ಕ 6 ವರ್ಷ ದಾಟುತ್ತದೆ. ಒಂದೇ ಶೋರೂಮಿನ ಸಾಲಕ್ಕೆ ಜೋತುಬೀಳದೆ ಕ್ರೆಡಿಟ್ ಯೂನಿಯನ್‌ನಲ್ಲೂ (ನಮ್ಮ ಸಹಕಾರಿ ಬ್ಯಾಂಕಿನಂಥದ್ದು) ವಿಚಾರಿಸಿ. ಮುಂಗಡ ಹೆಚ್ಚು ಕೊಟ್ಟಷ್ಟೂ ಒಳ್ಳೆಯದು.

ಇಷ್ಟರ ಮೇಲೆ ನಮ್ಮ ಅಭಿಪ್ರಾಯ: ಊರೊಳಗಿನ ಓಡಾಟವೇ ಹೆಚ್ಚು, ಐದಾರು ವರ್ಷ ಇಟ್ಟುಕೊಳ್ಳುವ ಭರವಸೆ ಇದೆ, ಬಡ್ಡಿಯೂ ಹದವಾಗಿದೆ ಎಂದರೆ ಹೈಬ್ರಿಡ್ ತೆಗೆದುಕೊಳ್ಳಿ. ಎರಡೇ ವರ್ಷದ ಪ್ರಾಜೆಕ್ಟ್‌ಗೆ ಬಂದವರು, ದಿನಕ್ಕೆ ಐವತ್ತು ಮೈಲಿ ನೇರ ಹೆದ್ದಾರಿಯಲ್ಲಿ ಹೋಗುವವರು, ಮನೆಯಿಂದಲೇ ಕೆಲಸ ಮಾಡುವವರು ಪೆಟ್ರೋಲ್ ಸೆಡಾನ್ ಕೊಂಡು ಉಳಿದ ಹಣವನ್ನು ಕೈಯಲ್ಲಿಟ್ಟುಕೊಳ್ಳುವುದೇ ಸರಿ. ಕೆಲವು ರಾಜ್ಯಗಳು ಹೈಬ್ರಿಡ್‌ಗೆ ಪ್ರತಿ ವರ್ಷ ಬೇರೆ ಶುಲ್ಕ ಹಾಕುತ್ತವೆ. ಓಹಾಯೋದಲ್ಲಿ 100 ಡಾಲರ್, ವಾಷಿಂಗ್ಟನ್ ರಾಜ್ಯದಲ್ಲಿ 75. ಇದನ್ನೂ ಉಳಿತಾಯದಿಂದ ಕಳೆಯಿರಿ.

ಮಾಡೆಲ್‌ಗಳಲ್ಲೂ ಗೊಂದಲವಿದೆ. ಟೊಯೊಟಾ ಕ್ಯಾಮ್ರಿ 2025ರಿಂದ ಅಮೆರಿಕದಲ್ಲಿ ಹೈಬ್ರಿಡ್ ಮಾತ್ರ, ಅಲ್ಲಿ ಆಯ್ಕೆಯ ಪ್ರಶ್ನೆಯೇ ಇಲ್ಲ. ಹೋಂಡಾ ಸಿವಿಕ್, ಅಕಾರ್ಡ್‌ಗಳಲ್ಲಿ ಎರಡೂ ಇವೆ, ಆದರೆ ಹೈಬ್ರಿಡ್ ಬರುವುದು ಮೇಲಿನ ದರ್ಜೆಗಳಲ್ಲಿ. ಬೆಲೆಯ ವ್ಯತ್ಯಾಸದಲ್ಲಿ ಒಂದಷ್ಟು ಪಾಲು ಸೀಟು, ಪರದೆ, ಚಕ್ರಗಳದ್ದು. ಬೇಕಿಲ್ಲದ ಸೌಕರ್ಯಕ್ಕೆ ಕೊಟ್ಟ ಹಣ ಪೆಟ್ರೋಲಿನಲ್ಲಿ ವಾಪಸ್ ಬರುವುದಿಲ್ಲ. 'ಮೈಲ್ಡ್ ಹೈಬ್ರಿಡ್' ಎಂದರೆ ಈ ಲೆಕ್ಕ ಅನ್ವಯಿಸದು, ಅದರಲ್ಲಿ ಮೋಟರ್ ಎಂಜಿನ್ನಿಗೆ ನೆರವಷ್ಟೇ ಕೊಡುವುದರಿಂದ ಮೈಲೇಜ್ ಲಾಭ ಅಲ್ಪ. 'ಪ್ಲಗ್-ಇನ್' ಎಂದರೆ ಮನೆಯಲ್ಲಿ ಚಾರ್ಜ್ ಮಾಡುವ ಜಾಗ ಬೇಕು, ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಅದು ಕಷ್ಟ.

ಕೆಡುವುದೇನು, ಯಾಕೆ ಎಂಬುದಕ್ಕೆ ಬರೋಣ. ಬ್ಯಾಟರಿ ಹೋದರೆ ಗತಿಯೇನು ಎಂಬ ಭಯ ಎಲ್ಲರಿಗೂ ಇದೆ, ಹೊಸ ಗಾಡಿಗೆ ಅದು ಅನಗತ್ಯ. ಟೊಯೊಟಾ 2020ರ ಮಾಡೆಲ್‌ನಿಂದ ಹೈಬ್ರಿಡ್ ಬ್ಯಾಟರಿಗೆ 10 ವರ್ಷ ಅಥವಾ 1,50,000 ಮೈಲಿ ವಾರಂಟಿ ಕೊಡುತ್ತದೆ. ಆದರೆ ಬ್ಯಾಟರಿಗೆ ತಂಪು ಗಾಳಿ ಬೇಕು. ಕೊರೊಲಾ, ಕ್ಯಾಮ್ರಿಗಳಲ್ಲಿ ಆ ಗಾಳಿ ಒಳಹೋಗುವ ಜಾಲರಿ ಹಿಂದಿನ ಸೀಟಿನ ಬಳಿ ಇರುತ್ತದೆ. ಇಂಡಿಯನ್ ಸ್ಟೋರಿನಿಂದ ತಂದ ಅಕ್ಕಿ ಮೂಟೆಯನ್ನೋ ಚಳಿಗಾಲದ ಜಾಕೆಟನ್ನೋ ಅದಕ್ಕೆ ಅಡ್ಡ ಇಟ್ಟರೆ, ಅಥವಾ ಧೂಳು ಕೂದಲು ಕಟ್ಟಿಕೊಂಡರೆ, ಬ್ಯಾಟರಿ ಬಿಸಿಯಾಗಿ ಆಯಸ್ಸು ಕಡಿಮೆಯಾಗುತ್ತದೆ. ಹಿಂದಿನಿಂದ ಫ್ಯಾನಿನ ಸದ್ದು ಜೋರಾಗಿ ಕೇಳಿದರೆ ಮೊದಲು ಆ ಜಾಲರಿಯ ಫಿಲ್ಟರ್ ನೋಡಿ.

ನಿಜವಾಗಿ ಕೈಕೊಡುವುದು ಇನ್ನೊಂದು, ಚಿಕ್ಕ 12 ವೋಲ್ಟ್ ಬ್ಯಾಟರಿ. ದೊಡ್ಡ ಬ್ಯಾಟರಿಯಲ್ಲಿ ಚಾರ್ಜ್ ತುಂಬಿದ್ದರೂ ಗಾಡಿಯ ಕಂಪ್ಯೂಟರನ್ನು ಎಬ್ಬಿಸುವುದು ಈ ಚಿಕ್ಕದೇ. ಕೀಲಿಗಾಗಿ ಕಾಯುವ ಸಂವೇದಕ, ಅಲಾರಂ ಇವೆಲ್ಲ ಇದನ್ನು ಹನಿಹನಿಯಾಗಿ ಹೀರುತ್ತವೆ. ಮದುವೆ ಮುಂಜಿಗೆಂದು ಒಂದೂವರೆ ತಿಂಗಳು ಊರಿಗೆ ಹೋಗಿ ಬಂದವರ ಗಾಡಿ ಚಾಲೂ ಆಗದೆ, ಡ್ಯಾಶ್‌ಬೋರ್ಡ್‌ನ 'ರೆಡಿ' ದೀಪ ಹತ್ತದೆ ನಿಲ್ಲುವುದು ಇದರಿಂದ. ಹೋಗುವಾಗ ಇದರ ನೆಗೆಟಿವ್ ತಂತಿ ಬಿಚ್ಚಿಸಿ. ಇಲ್ಲವೇ ಪರಿಚಯದವರಿಗೆ ಕೀಲಿ ಕೊಟ್ಟು, ನಿಮ್ಮ ವಿಮೆಯಲ್ಲಿ ಅವರು ಓಡಿಸಲು ಅವಕಾಶವಿದೆಯೇ ಎಂದು ನೋಡಿಕೊಂಡು, ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಲು ಹೇಳಿ.

ಷಿಕಾಗೊ, ಮಿನಿಯಾಪೊಲಿಸ್ ಕಡೆಯ ಚಳಿಯಲ್ಲಿ ಹೈಬ್ರಿಡ್ ಮೈಲೇಜ್ ಹೆಚ್ಚು ಕುಸಿಯುತ್ತದೆ. ಒಳಗೆ ಬಿಸಿಗಾಳಿ ಕೊಡಲು ಎಂಜಿನ್ ಪದೇ ಪದೇ ಓಡಬೇಕಾಗುತ್ತದೆ. ಸೊನ್ನೆಗಿಂತ 7 ಡಿಗ್ರಿ ಕೆಳಗೆ, ಊರೊಳಗಿನ ಓಡಾಟದಲ್ಲಿ, ಹೈಬ್ರಿಡ್‌ಗೆ ಶೇ. 30ಕ್ಕೂ ಮೇಲೆ, ಪೆಟ್ರೋಲ್ ಗಾಡಿಗೆ ಶೇ. 15ರಷ್ಟು ಇಳಿಕೆ ಆಗಬಹುದು. ಬ್ರೇಕ್ ಪ್ಯಾಡ್ ಹೈಬ್ರಿಡ್‌ನಲ್ಲಿ ಬಹುಕಾಲ ಬಾಳುತ್ತದೆ ನಿಜ. ಆದರೆ ರಸ್ತೆಗೆ ಉಪ್ಪು ಸುರಿಯುವ ಊರುಗಳಲ್ಲಿ, ಕಡಿಮೆ ಬಳಕೆಯಿಂದಲೇ ಪ್ಯಾಡನ್ನು ಒತ್ತುವ ಕ್ಯಾಲಿಪರ್ ಎಂಬ ಭಾಗದ ಪಿನ್ನುಗಳು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ. ವರ್ಷಕ್ಕೊಮ್ಮೆ ಬಿಚ್ಚಿ ಗ್ರೀಸ್ ಹಾಕಿಸಿ.

ಒಂದು ವಿಷಯದಲ್ಲಿ ಅಲಕ್ಷ್ಯ ಬೇಡವೇ ಬೇಡ. ಹೈಬ್ರಿಡ್ ಸದ್ದಿಲ್ಲದೆ ನಿಂತಿದ್ದರೂ 'ರೆಡಿ' ದೀಪ ಹತ್ತಿದ್ದರೆ ಅದು ಚಾಲೂ ಇದೆ ಎಂದೇ ಅರ್ಥ. ಮನೆಗೆ ಅಂಟಿದ ಗ್ಯಾರೇಜಿನಲ್ಲಿ ಹಾಗೇ ಬಿಟ್ಟು ಒಳಗೆ ಹೋದರೆ, ಚಾರ್ಜ್ ಇಳಿದಾಗ ಎಂಜಿನ್ ತಾನಾಗಿ ಶುರುವಾಗಿ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ತುಂಬುತ್ತದೆ, ಜೀವ ಹೋಗಬಹುದು. ದೀಪ ಆರಿದ್ದನ್ನು ಕಣ್ಣಾರೆ ನೋಡಿ ಇಳಿಯಿರಿ. ಮನೆಯಲ್ಲಿ ಆ ಅನಿಲದ ಅಲಾರಂ ಇರಲಿ.

ಪೆಟ್ರೋಲ್ ಗಾಡಿಗೂ ತನ್ನದೇ ಕಷ್ಟವಿದೆ. ಕೊರೊಲಾ, ಸಿವಿಕ್‌ಗಳ ಪೆಟ್ರೋಲ್ ಮಾದರಿಗಳಲ್ಲಿರುವುದು ಬೆಲ್ಟಿನ ಸಿವಿಟಿ, ಅಂದರೆ ಹಂತಗಳಿಲ್ಲದೆ ಬದಲಾಗುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಅದರ ಆಯಿಲ್ ಕಡೆಗಣಿಸಿದರೆ ದುಬಾರಿ ರಿಪೇರಿ. ಟೊಯೊಟಾ ಹೈಬ್ರಿಡ್‌ನ 'ಇ-ಸಿವಿಟಿ' ಹೆಸರಿಗಷ್ಟೇ ಅದರ ನೆಂಟ, ಒಳಗೆ ಬೆಲ್ಟ್ ಇಲ್ಲ, ಗಟ್ಟಿ ಹಲ್ಲಿನ ಗೇರುಗಳು ಮಾತ್ರ. ಪ್ರತ್ಯೇಕ ಸ್ಟಾರ್ಟರ್ ಮೋಟರ್, ಆಲ್ಟರ್ನೇಟರ್ ಕೂಡ ಅದರಲ್ಲಿ ಇಲ್ಲ.

ಹಳೆಯ ಹೈಬ್ರಿಡ್ ಕೊಳ್ಳುವವರು ಒಬಿಡಿ ಅಡಾಪ್ಟರ್ (ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಸಾಧನ) ಹಾಕಿ ಬ್ಯಾಟರಿಯ ಸ್ಥಿತಿ ನೋಡಿಸದೆ ಮುಂಗಡ ಕೊಡಬೇಡಿ. ಓಡಿಸುವಾಗ ಚಾರ್ಜಿನ ಕಡ್ಡಿಗಳು ಕೆಲವೇ ನಿಮಿಷದಲ್ಲಿ ತುಂಬಿ ಅಷ್ಟೇ ಬೇಗ ಬರಿದಾದರೆ ಬ್ಯಾಟರಿ ಸೊರಗಿದೆ. ನೆರೆಯಲ್ಲಿ ಮುಳುಗಿದ ಗಾಡಿ ಎಂದು ದಾಖಲೆಯಲ್ಲಿದ್ದರೆ, ಬೆಲೆ ಎಷ್ಟೇ ಕಡಿಮೆಯಿರಲಿ, ಹೈಬ್ರಿಡ್ ಮುಟ್ಟಬೇಡಿ. ಕೆಳಗೆ ಬಗ್ಗಿ, ಹೊಗೆಯನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆಯೇ ಎಂದೂ ನೋಡಿ. ಅದರಲ್ಲಿರುವ ಬೆಲೆಬಾಳುವ ಲೋಹಕ್ಕಾಗಿ ಕಳ್ಳರು ಕತ್ತರಿಸಿ ಒಯ್ಯುತ್ತಾರೆ, 2004ರಿಂದ 2009ರ ಪ್ರಿಯಸ್‌ಗೆ ಆ ಕಾಟ ಹೆಚ್ಚು. ಡಿಕ್ಕಿ ತೆಗೆದು ಸ್ಟೆಪ್ನಿ ಇದೆಯೇ ನೋಡಿ. ಹಲವು ಹೈಬ್ರಿಡ್‌ಗಳಲ್ಲಿ ಅದರ ಬದಲು ಪಂಕ್ಚರ್ ಕಿಟ್ ಇರುತ್ತದೆ, ಟೈರಿನ ಪಕ್ಕ ಹರಿದರೆ ಅದು ಉಪಯೋಗಕ್ಕೆ ಬಾರದು.

ಡೀಲರ್ ಹತ್ತಿರ ತಿಂಗಳ ಕಂತಿನ ಮಾತೇ ಬೇಡ. ತೆರಿಗೆ, ನೋಂದಣಿ, ಕಾಗದಪತ್ರದ ಶುಲ್ಕ ಎಲ್ಲ ಸೇರಿ ಒಟ್ಟು ಎಷ್ಟು ಎಂದು ಇಮೇಲಿನಲ್ಲಿ ಬರೆಸಿಕೊಳ್ಳಿ. ಹೈಬ್ರಿಡ್ ಸ್ಟಾಕ್ ಕಡಿಮೆ ಇದ್ದಾಗ 'ಮಾರ್ಕೆಟ್ ಅಡ್ಜಸ್ಟ್‌ಮೆಂಟ್' ಎಂದು ಸಾವಿರಗಟ್ಟಲೆ ಸೇರಿಸುವವರಿದ್ದಾರೆ. ಟೈರಿಗೆ ನೈಟ್ರೋಜನ್, ಪೇಂಟ್ ಪ್ರೊಟೆಕ್ಷನ್ ಎಂದೂ ಹಾಕುತ್ತಾರೆ. ತೆಗೆಯಿರಿ ಎಂದು ಕೇಳಿ, ಒಪ್ಪದಿದ್ದರೆ ಪಕ್ಕದ ಊರಿನ ಡೀಲರ್‌ಗೆ ಬರೆಯಿರಿ. ಬೆಂಗಳೂರು ಬಿಡುವ ಮೊದಲು ನಿಮ್ಮ ಆರ್‌ಟಿಒದಲ್ಲಿ ಫಾರಂ 4ಎ ತುಂಬಿ, 1,000 ರೂಪಾಯಿ ಕಟ್ಟಿ, ಒಂದು ವರ್ಷದ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡು ಬನ್ನಿ. ಆದರೆ ವಿಮೆಯ ದರ ಇಳಿಯಬೇಕಾದರೆ ಅಮೆರಿಕದಲ್ಲಿ ನೀವಿರುವ ರಾಜ್ಯದ ಲೈಸೆನ್ಸೇ ಬೇಕಾಗುತ್ತದೆ. ಸಹಿ ಹಾಕುವ ಹಿಂದಿನ ದಿನವೇ ಎರಡೂ ಗಾಡಿಗಳ ವಿಮೆಗೆ ದರ ತರಿಸಿ ನೋಡಿ. ಹೊಸ ಲೈಸೆನ್ಸಿನವರಿಗೆ ಆ ವ್ಯತ್ಯಾಸ ಕೆಲವೊಮ್ಮೆ ವರ್ಷದ ಪೆಟ್ರೋಲ್ ಉಳಿತಾಯವನ್ನೇ ನುಂಗುತ್ತದೆ.