ಪೆನ್ ಕಡೆಯಲು ಚಿಕ್ಕ ಲೇತ್ ಆರಿಸಿದ ನನ್ನ ಅನುಭವ

ಮೊದಲ ಪೆನ್ ಕಡೆದು ಮುಗಿಸಿ, ಕ್ಲಿಪ್ ಇರುವ ಭಾಗವನ್ನು ಒತ್ತಿ ಕೂರಿಸಿದೆ. ಮರ ಮತ್ತು ಲೋಹ ಸೇರುವ ಕಡೆ ಬೆರಳು ಸವರಿದರೆ ಒಂದು ಬದಿ ಸಮವಾಗಿತ್ತು. ಪೆನ್ ತಿರುಗಿಸಿದರೆ ಇನ್ನೊಂದು ಬದಿಯಲ್ಲಿ ಉಗುರಿಗೆ ತಡೆಯುವಂಥ ಏರು. ಮರ ದುಂಡಗೆ ಬಂದಿರಲಿಲ್ಲ. ಕೈ ಇನ್ನೂ ಪಳಗಿಲ್ಲ ಅಂದುಕೊಂಡು ಮತ್ತೆ ನಾಲ್ಕು ಕಡೆದೆ. ನಾಲ್ಕರಲ್ಲೂ ಅದೇ ಕಥೆ. ತಪ್ಪು ಮರವನ್ನು ತಿರುಗಿಸುವ ಯಂತ್ರದ್ದು, ಅಂದರೆ ಲೇತಿನದು ಅಂತ ಗೊತ್ತಾಗಲು ಎರಡು ತಿಂಗಳು ಬೇಕಾಯಿತು.

ಪೆನ್ನಿಗೆ ಬೇಕಾದ ಮರದ ತುಂಡು ಮುಕ್ಕಾಲು ಇಂಚು ಚೌಕ, ಐದು ಇಂಚು ಉದ್ದ, ಅಷ್ಟೆ. ಹಾಗಾಗಿ ಸಿಕ್ಕ ಅತಿ ಚಿಕ್ಕ ಯಂತ್ರವನ್ನೇ ತಂದಿದ್ದೆ. ಗಾತ್ರದ ಲೆಕ್ಕ ತಪ್ಪಾಗಿರಲಿಲ್ಲ. ಲೇತಿನ ಅಡಿಪಟ್ಟಿಯಾದ ಬೆಡ್ ಮೇಲೆ 8 ಇಂಚು ಅಗಲದ ಮರ ತಿರುಗಿದರೆ ಪೆನ್ನಿಗೆ ಧಾರಾಳ. ನಾನು ನೋಡದೇ ಹೋದದ್ದು ಬೇರೆ.

ಪೆನ್ನಿನ ಮರದ ಒಳಗೆ ಹಿತ್ತಾಳೆ ಕೊಳವೆ ಇರುತ್ತದೆ. ಅದನ್ನು ಮ್ಯಾಂಡ್ರೆಲ್ ಎಂಬ ತೆಳು ಉಕ್ಕಿನ ಸರಳಿಗೆ ಪೋಣಿಸಿ ಕಡೆಯುತ್ತೇವೆ. ಸರಳಿನ ಒಂದು ತುದಿ ಅದನ್ನು ತಿರುಗಿಸುವ ಹೆಡ್‌ಸ್ಟಾಕಿನಲ್ಲಿ, ಇನ್ನೊಂದು ತುದಿ ಎದುರು ಬದಿಯಿಂದ ಒತ್ತಿ ಹಿಡಿಯುವ ಟೇಲ್‌ಸ್ಟಾಕಿನ ಸೆಂಟರ್ ಎಂಬ ಮೊನೆಯಲ್ಲಿ. ಇವೆರಡೂ ಒಂದೇ ನೇರದಲ್ಲಿ ಇಲ್ಲದಿದ್ದರೆ ಸರಳು ಬಾಗುತ್ತದೆ. ಬಾಗಿದ ಸರಳಿನ ಮೇಲೆ ಎಷ್ಟು ಹುಷಾರಾಗಿ ಕಡೆದರೂ ಮರ ದುಂಡಗೆ ಬರುವುದಿಲ್ಲ. ದೊಡ್ಡ ಕಂಬ ಕಡೆಯುವವರಿಗೆ ಕೂದಲೆಳೆಯಷ್ಟು ವ್ಯತ್ಯಾಸ ಲೆಕ್ಕಕ್ಕೇ ಬರದಿರಬಹುದು. ಪೆನ್ನಿನಲ್ಲಿ ಅದೇ ಕೂದಲೆಳೆ ಬೆರಳಿಗೆ ಸಿಗುತ್ತದೆ. ಟೇಲ್‌ಸ್ಟಾಕ್ ಜಾಸ್ತಿ ಬಿಗಿ ಮಾಡಿದರೂ ಸರಳು ಬಾಗುತ್ತದೆ, ಆ ತಪ್ಪನ್ನೂ ನಾನು ಮಾಡುತ್ತಿದ್ದೆ. ಆದರೆ ಸಡಿಲ ಮಾಡಿ ನೋಡಿದ ಮೇಲೂ ಏರು ಹೋಗಲಿಲ್ಲ.

ಎರಡನೇ ಲೇತ್ ಹುಡುಕುವಾಗ ಮೊನೆಯಿರುವ ಎರಡು ಸೆಂಟರ್‌ಗಳನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೋದೆ. ಒಂದನ್ನು ಹೆಡ್‌ಸ್ಟಾಕಿಗೆ, ಇನ್ನೊಂದನ್ನು ಟೇಲ್‌ಸ್ಟಾಕಿಗೆ ಹಾಕಿ, ಮೊನೆಗೆ ಮೊನೆ ತಾಗಿಸಿ, ಹಿಂದೆ ಬಿಳಿ ಕಾಗದ ಹಿಡಿದು ನೋಡುವುದು. ಮೇಲಿನಿಂದಲೂ ನೋಡಬೇಕು, ಪಕ್ಕದಿಂದಲೂ ನೋಡಬೇಕು. ಇಷ್ಟಕ್ಕೇ ಮುಗಿಯಲಿಲ್ಲ. ಟೇಲ್‌ಸ್ಟಾಕ್ ಲಾಕ್ ಮಾಡಿ ಮತ್ತೆ ನೋಡಿದೆ, ಏಕೆಂದರೆ ಕೆಲವು ಯಂತ್ರಗಳಲ್ಲಿ ಲಾಕ್ ಬಿಗಿಯುವಾಗಲೇ ಮೊನೆ ಪಕ್ಕಕ್ಕೆ ಸರಿಯುತ್ತದೆ. ಆಮೇಲೆ ಟೇಲ್‌ಸ್ಟಾಕಿನ ಒಳಗಿನ ಕೊಳವೆಯನ್ನು ಪೂರ್ತಿ ಹೊರಗೆ ತಂದು ಇನ್ನೊಮ್ಮೆ. ಒಳಗಿದ್ದಾಗ ಸೇರುವ ಮೊನೆಗಳು ಹೊರಗೆ ಬಂದಾಗ ಸೇರದಿದ್ದರೆ ಟೇಲ್‌ಸ್ಟಾಕ್ ಓರೆಯಾಗಿದೆ ಅಂತ ಅರ್ಥ. ನಾನು ನೋಡಿದ ಮೂರು ಲೇತ್‌ಗಳಲ್ಲಿ ಎರಡು ಇಲ್ಲೇ ಬಿದ್ದವು. ಒಂದು ನೋಡಲು ತುಂಬಾ ಚೆನ್ನಾಗಿತ್ತು, ಬಿಡಲು ಮನಸ್ಸೇ ಬಂದಿರಲಿಲ್ಲ.

ಎರಡನೆಯದಾಗಿ ನೋಡಿದ್ದು ಮೋರ್ಸ್ ಟೇಪರ್. ಹೆಡ್‌ಸ್ಟಾಕಿನಲ್ಲಿ ತಿರುಗುವ ದಂಡವಾದ ಸ್ಪಿಂಡಲ್ಲಿನ ಒಳಗೂ ಟೇಲ್‌ಸ್ಟಾಕಿನ ಕೊಳವೆಯ ಒಳಗೂ ಇರುವ ಈ ಇಳಿಜಾರು ತೂತೇ ಮ್ಯಾಂಡ್ರೆಲ್, ಸೆಂಟರ್, ಡ್ರಿಲ್ ಬಿಟ್ ಹಿಡಿಯುವ ಡ್ರಿಲ್ ಚಕ್ ಎಲ್ಲವನ್ನೂ ಹಿಡಿದುಕೊಳ್ಳುತ್ತದೆ. ನನ್ನ ಹಳೆಯದರಲ್ಲಿ ಎಂಟಿ1, ಅಂದರೆ ಮೋರ್ಸ್ ಟೇಪರ್ 1ನೇ ಅಳತೆ, ಇತ್ತು. ಅದರ ದಪ್ಪ ತುದಿ ಸುಮಾರು 12 ಮಿ.ಮೀ. ಎಂಟಿ2 ಆದರೆ ಸುಮಾರು 17.8 ಮಿ.ಮೀ. ಹಿಡಿತವೂ ಗಟ್ಟಿ, ಸಾಮಾನುಗಳೂ ಸುಲಭವಾಗಿ ಸಿಗುತ್ತವೆ. ಎರಡೂ ಕಡೆ ಎಂಟಿ2 ಇಲ್ಲದ ಲೇತ್ ಬೇಡ ಅಂತ ನಾನು ಖಚಿತವಾಗಿ ಹೇಳುತ್ತೇನೆ. ಸ್ಪಿಂಡಲ್ಲಿನ ಹೊರಗಿನ ತಿರುಪಿನ ಎಳೆಯನ್ನೂ ಕೇಳಿ ತಿಳಿದುಕೊಳ್ಳಿ. 1 ಇಂಚು ದಪ್ಪ, 8 ಟಿಪಿಐ (ಇಂಚಿಗೆ 8 ಎಳೆ) ಇದ್ದರೆ ಮರ ಹಿಡಿಯುವ ಚಕ್ ಹುಡುಕುವುದು ಸಲೀಸು.

ವೇಗದ ಬಗ್ಗೆ ಒಂದು ಲೆಕ್ಕ. 200 ಮಿ.ಮೀ. ಅಗಲದ ಬಟ್ಟಲು ನಿಮಿಷಕ್ಕೆ 600 ಸುತ್ತು ತಿರುಗಿದರೆ ಅದರ ಅಂಚು ಉಳಿಯ ಮುಂದೆ ನಿಮಿಷಕ್ಕೆ ಸುಮಾರು 377 ಮೀಟರ್ ಓಡುತ್ತದೆ. 12 ಮಿ.ಮೀ. ದಪ್ಪದ ಪೆನ್ 3000 ಸುತ್ತು ತಿರುಗಿದರೂ ಓಡುವುದು ಬರೀ 113 ಮೀಟರ್. ಅದಕ್ಕೇ ಪೆನ್ನಿಗೆ ವೇಗ ಬೇಕು. 3000 ದಾಟುವ ಲೇತ್ ಇದ್ದರೆ ಉಳಿ ನಯವಾಗಿ ಓಡುತ್ತದೆ, ಸ್ಯಾಂಡ್ ಪೇಪರ್ ಕೆಲಸ ಕಡಿಮೆಯಾಗುತ್ತದೆ. ಆದರೆ ಕೆಳಗಿನ ವೇಗವೂ ಅಷ್ಟೇ ಮುಖ್ಯ. ತೂತು ಕೊರೆಯಲು ನಾನು 500ರ ಆಸುಪಾಸು ಇಡುತ್ತೇನೆ. ಸೂಪರ್ ಗ್ಲೂ ಹಚ್ಚಿ ಹೊಳಪು ಕೊಡುವಾಗಲೂ ನಿಧಾನವೇ ಬೇಕು, ಇಲ್ಲದಿದ್ದರೆ ಅಂಟು ಮುಖಕ್ಕೇ ಸಿಡಿಯುತ್ತದೆ. ಬೆಲ್ಟ್ ಬದಲಾಯಿಸಿ ವೇಗ ಇಳಿಸುವ ಯಂತ್ರವೂ ನಡೆಯುತ್ತದೆ. ಆದರೆ ಒಂದು ಪೆನ್ನಿಗೆ ನಾಲ್ಕೈದು ಸಲ ವೇಗ ಬದಲಾಗುತ್ತದೆ ಅಲ್ವಾ? ಗುಂಡಿ ತಿರುಗಿಸಿ ವೇಗ ಬದಲಿಸುವುದಕ್ಕೆ ಸ್ವಲ್ಪ ಜಾಸ್ತಿ ಕೊಟ್ಟೆ, ಆ ಬಗ್ಗೆ ಒಂದು ದಿನವೂ ಬೇಸರವಾಗಿಲ್ಲ.

ಮೋಟಾರಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಅರ್ಧ ಎಚ್‌ಪಿ ಸಾಕು. ತೂಕ ಮಾತ್ರ ಬೇಕು. ಬೀಡು ಕಬ್ಬಿಣದ ಬೆಡ್ ಅದುರುವುದು ಕಡಿಮೆ. ಗಟ್ಟಿ ಮೇಜಿಗೆ ಬೋಲ್ಟ್ ಹಾಕಿ ಬಿಗಿದರೆ ಇನ್ನೂ ಕಡಿಮೆ.

ಉದ್ದದ ವಿಷಯದಲ್ಲಿ ನನಗೆ ತಡವಾಗಿ ಬುದ್ಧಿ ಬಂತು. ಕಡೆಯಲು ಎರಡು ಸೆಂಟರ್‌ಗಳ ನಡುವೆ 12 ಇಂಚು ಸಾಕು. ಲೇತಿನಲ್ಲೇ ಕೊರೆಯುವುದಾದರೆ ಚಕ್, ಮರ, ಡ್ರಿಲ್ ಬಿಟ್, ಡ್ರಿಲ್ ಚಕ್ ಎಲ್ಲಾ ಸಾಲಾಗಿ ಕೂರಬೇಕು. ಆಗ 12 ಇಂಚು ಸಾಲುವುದಿಲ್ಲ, 16ರ ಹತ್ತಿರ ಬೇಕು. ತೂತು ಕೊರೆಯಲು ಬೇರೆ ಯಂತ್ರ, ಅಂದರೆ ಡ್ರಿಲ್ ಪ್ರೆಸ್, ಇರುವವರಿಗೆ ಈ ಚಿಂತೆ ಇಲ್ಲ.

ಕೈಯಲ್ಲಿರುವ ಹಣವನ್ನೆಲ್ಲಾ ಲೇತಿಗೇ ಸುರಿಯಬೇಡಿ. ಉಳಿ, ಉಳಿ ಮಸೆಯುವ ಕಲ್ಲು, ಮುಖಕ್ಕೆ ಶೀಲ್ಡ್, ಧೂಳಿಗೆ ಮಾಸ್ಕ್ ಇವೆಲ್ಲ ಬೇಕೇ ಬೇಕು. 60 ಡಿಗ್ರಿಯ ತಿರುಗುವ ಸೆಂಟರ್ ಕೂಡ ಬೇಕು. ಲೇತ್ ಜೊತೆ ಬರುವ ಸೆಂಟರ್ ಮ್ಯಾಂಡ್ರೆಲ್ ತುದಿಯ ಗುಳಿಗೆ ಎಷ್ಟೋ ಸಲ ಸರಿಯಾಗಿ ಕೂರುವುದಿಲ್ಲ.

ಹೊಸ ಲೇತಿನಲ್ಲಿ ಮೊದಲು ಕಡೆದದ್ದು ಬೀಟೆ ಮರದ ಪೆನ್. ಕ್ಲಿಪ್ ಕೂರಿಸಿ, ಕಣ್ಣು ಮುಚ್ಚಿ, ಸೇರುವ ಜಾಗದಲ್ಲಿ ಉಗುರು ಇಟ್ಟು ಪೆನ್ನನ್ನು ಪೂರ್ತಿ ಒಂದು ಸುತ್ತು ತಿರುಗಿಸಿದೆ. ಎಲ್ಲೂ ತಡೆಯಲಿಲ್ಲ.