ಅ ಆ ಇ ಈ ಬದಿಗಿಟ್ಟು ಓದು ಕಲಿಸಿದ್ದು

ನಾನು ಚಿಕ್ಕ ಮಕ್ಕಳಿಗೂ ಓದು ಕಲಿಸಿದ್ದೇನೆ, ಶಾಲೆಯ ಮೆಟ್ಟಿಲು ಹತ್ತದ ದೊಡ್ಡವರಿಗೂ ಕಲಿಸಿದ್ದೇನೆ. ಮಾತು ತಾನಾಗಿ ಬರುತ್ತದೆ. ಓದು ಹಾಗಲ್ಲ, ಯಾರಾದರೂ ಜೊತೆಗೆ ಕೂತು ಹೇಳಿಕೊಡಬೇಕು. ಆದರೆ ಕಲಿಯುವವರ ಬಾಯಲ್ಲಿ ಆಗಲೇ ಇರುವ ಮಾತನ್ನೇ ಹಿಡಿದು ಹೊರಟರೆ ಕೆಲಸ ಎಷ್ಟೋ ಹಗುರವಾಗುತ್ತದೆ.

ಮಾತು ತಾನಾಗಿ ಬರುತ್ತದೆ ಅಂದರೆ ಮಗು ಸುಮ್ನೆ ಕೇಳಿದ್ದನ್ನು ಒಪ್ಪಿಸುತ್ತದೆ ಅಂತಲ್ಲ. ಮೂರು ವರ್ಷದ ಮಗು "ನಾನು ಬೀಳಿದೆ" ಅನ್ನುತ್ತದೆ. ಹಾಗೆ ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಮಾಡಿದೆ, ಓಡಿದೆ, ಹಾಡಿದೆ ಅನ್ನುವುದನ್ನೆಲ್ಲ ಕೇಳಿ ಕೇಳಿ ಒಂದು ನಿಯಮ ಕಂಡುಕೊಂಡು, ಅದನ್ನು 'ಬೀಳು'ವಿಗೂ ಹಚ್ಚಿದೆ. 1958ರಲ್ಲಿ ಮಕ್ಕಳ ಮಾತಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಅಮೆರಿಕದ ಜೀನ್ ಬರ್ಕೊ ಇದನ್ನೇ ಪರೀಕ್ಷೆ ಮಾಡಿ ತೋರಿಸಿದರು. ಎಲ್ಲೂ ಇಲ್ಲದ ಒಂದು ಪ್ರಾಣಿಯ ಚಿತ್ರ ಬರೆದು 'ವಗ್' ಅಂತ ಹೆಸರಿಟ್ಟರು, ಎರಡಿದ್ದರೆ ಏನನ್ನುತ್ತೀರಿ ಅಂದಾಗ ಮಕ್ಕಳು 'ವಗ್ಸ್' ಅಂದರು. ಕೇಳಿಯೇ ಇರದ ಪದ ಅದು! ಹಾಗಾಗಿ ನಾನು "ಬೀಳಿದೆ ಅಲ್ಲ, ಬಿದ್ದೆ ಅನ್ನು" ಅಂತ ತಿದ್ದಲು ಹೋಗುವುದಿಲ್ಲ. "ಅಯ್ಯೋ, ಬಿದ್ದೆಯಾ? ಎಲ್ಲಿ ಬಿದ್ದೆ?" ಅಂತ ಮಾತು ಮುಂದುವರಿಸುತ್ತೇನೆ. ಸರಿಯಾದದ್ದು ಕಿವಿಗೆ ಬೀಳುತ್ತಾ ಇದ್ದರೆ ಸಾಕು.

ಓದಿನ ವಿಷಯಕ್ಕೆ ಬರೋಣ. ವರ್ಣಮಾಲೆಯಲ್ಲಿ 49 ಅಕ್ಷರ. ಅಷ್ಟನ್ನೂ ಮುಗಿಸಿ ಆಮೇಲೆ ಪದ ಅಂದರೆ ದೊಡ್ಡವರು ಅರ್ಧದಲ್ಲೇ ಬಿಟ್ಟು ಹೋಗುತ್ತಾರೆ. ನಾನು ಶುರು ಮಾಡುವುದು ರ ಗ ಸ ದ ಅ ಇಂದ. ಐದೇ ಅಕ್ಷರ, ಆದರೆ ಮೊದಲ ದಿನವೇ ಸರ, ದರ, ಅರಸ, ಗರಗಸ ಓದಬಹುದು. "ಗ... ರ... ಗ... ಸ..." ಅಂತ ಒಂದೊಂದೇ ಬಿಡಿಸಿ ಹೇಳುತ್ತಾರೆ, ಇನ್ನೊಂದು ಸಲ ಬೇಗ ಹೇಳಿ ಅಂದರೆ ಅವರಿಗೇ ಹೊಳೆಯುತ್ತದೆ: "ಓ, ಗರಗಸ!" ಪದ ಬಾಯಿಗೆ ಹೊಸದಲ್ಲ, ಕಣ್ಣಿಗೆ ಮಾತ್ರ ಹೊಸದು.

ಜಾಸ್ತಿ ಸಮಯ ಕೊಡಬೇಕಾದದ್ದು ಕಾಗುಣಿತಕ್ಕೆ. ನನ್ನ ಹತ್ತಿರ ಕಲಿಯುತ್ತಿದ್ದ ಒಬ್ಬರು ಕ ಕಾ ಕಿ ಕೀ ಅಂತ ಕಃ ತನಕ ಒಂದೇ ಉಸಿರಿಗೆ ಹೇಳುತ್ತಿದ್ದರು. 'ಕೊ' ಒಂದನ್ನೇ ಬರೆದು ತೋರಿಸಿದರೆ ಮಾತ್ರ ಮತ್ತೆ 'ಕ'ದಿಂದ ಶುರು, ಬೆರಳು ಮಡಿಸುತ್ತಾ ಅಲ್ಲಿಗೆ ಬರಬೇಕಿತ್ತು. ಅವರಿಗೆ ಗೊತ್ತಿದ್ದದ್ದು ಹಾಡು, ಗುಣಿತದ ಚಿಹ್ನೆ ಅಲ್ಲ. ಅದಕ್ಕೇ ನಾನು ಸಾಲನ್ನು ಅಡ್ಡ ತಿರುಗಿಸಿದೆ. ಒಂದು ವಾರ ಬರೀ ದೀರ್ಘ: ರಾ, ಗಾ, ಸಾ, ದಾ. ಆಮೇಲೆ ಗುಡಿಸು: ರಿ, ಗಿ, ಸಿ, ದಿ. ಅಕ್ಷರ ಬದಲಾದರೂ ಚಿಹ್ನೆ ಅದೇ ಅಲ್ವಾ, ಕಣ್ಣು ಅದನ್ನು ಹುಡುಕಲು ಕಲಿಯುತ್ತದೆ.

ಒತ್ತಕ್ಷರವನ್ನು ಕೊನೆಗೆ ಇಟ್ಟುಕೊಳ್ಳುವವರೇ ಹೆಚ್ಚು. ಅದು ನನಗೆ ಸರಿ ಕಾಣುವುದಿಲ್ಲ. ಕ್ಕ, ಗ್ಗ, ಬ್ಬ ಇವುಗಳ ಒತ್ತು ಮೂಲ ಅಕ್ಷರದ ಹಾಗೇ ಇರುತ್ತದೆ, ನೋಡಿದರೆ ಗೊತ್ತಾಗುತ್ತದೆ. ತ, ನ, ಮ, ಯ, ಲ ಇವುಗಳ ಒತ್ತಿಗೂ ಅಕ್ಷರಕ್ಕೂ ಹೋಲಿಕೆಯೇ ಇಲ್ಲ. ಆದರೆ ಇಲ್ಲ, ನನ್ನ, ಮತ್ತೆ, ಅಮ್ಮ ಇಲ್ಲದೆ ಎಷ್ಟು ಸಾಲು ಬರೆಯಲಾದೀತು? ಹಾಗಾಗಿ ಈ ಕಷ್ಟದ ಒತ್ತುಗಳನ್ನೇ ಬೇಗ ಕೊಡುತ್ತೇನೆ, ಈ ಪದಗಳ ಜೊತೆಗೇ. ಅರ್ಕಾವತ್ತು ನಿಧಾನಕ್ಕೆ ಬರಲಿ. 'ಸೂರ್ಯ' ಅನ್ನುವಾಗ ಮೊದಲು ಬರುವ ರ ಬರವಣಿಗೆಯಲ್ಲಿ ಕೊನೆಗೆ ಬರುತ್ತದೆ, ಅದಕ್ಕೆ ಸ್ವಲ್ಪ ತಾಳ್ಮೆ ಬೇಕು.

ಇಷ್ಟಾದ ಮೇಲೆ ಕಲಿಯುವವರು ತಮ್ಮದೇ ಮಾತು ಹೇಳುತ್ತಾರೆ, ನಾನು ಬರೆಯುತ್ತೇನೆ, ಅದನ್ನೇ ಅವರು ಓದುತ್ತಾರೆ. ಬ್ರೆಜಿಲಿನ ಶಿಕ್ಷಣ ಚಿಂತಕ ಪೌಲೊ ಫ್ರೇರೆ 1963ರಲ್ಲಿ ಆಂಜಿಕೋಸ್ ಊರಿನಲ್ಲಿ ಸುಮಾರು 300 ಜನ ದುಡಿಯುವವರಿಗೆ ಕಲಿಸುವಾಗಲೂ ಪಾಠದ ಪದಗಳನ್ನು ಅವರ ದಿನದ ಮಾತಿನಿಂದಲೇ ಆರಿಸಿಕೊಂಡಿದ್ದರು. ನನ್ನ ಹತ್ತಿರ ಕಲಿಯುವವರು 'ಬತ್ತೀನಿ' ಅಂದರೆ 'ಬತ್ತೀನಿ' ಅಂತಲೇ ಬರೆಯುತ್ತೇನೆ. 'ಬರುತ್ತೇನೆ' ಆಮೇಲೆ. ಮೊದಲೇ ತಿದ್ದಿದರೆ, ಹಾಳೆಯ ಮೇಲಿರುವುದು ತಮ್ಮ ಮಾತೇ ಅಲ್ಲ ಅನ್ನಿಸಿಬಿಡುತ್ತದೆ.

ಇದರಲ್ಲಿ ಒಂದು ತೊಡಕಿದೆ. ತಾವೇ ಹೇಳಿದ್ದು ಬಾಯಿಪಾಠ ಇರುತ್ತದೆ, ಓದುತ್ತಿದ್ದಾರೋ ನೆನಪಿನಿಂದ ಹೇಳುತ್ತಿದ್ದಾರೋ ತಿಳಿಯುವುದಿಲ್ಲ. ಅದಕ್ಕೆ ಮಾರನೆಯ ದಿನ ಹಾಳೆಗಳನ್ನು ಅದಲು ಬದಲು ಮಾಡಿ ಕೊಡುತ್ತೇನೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಓದಬೇಕು, ಹೇಳಿದವರು ಪಕ್ಕದಲ್ಲಿ ಕೂತು ಕೇಳಬೇಕು. ಎಲ್ಲಾದರೂ ತಪ್ಪಿದರೆ ಅವರೇ ತಡೆದು "ನಾನು ಹಾಗನ್ನಲಿಲ್ಲ, ಇನ್ನೊಂದ್ಸಲ ನೋಡಿ" ಅನ್ನುತ್ತಾರೆ, ನಾನು ಬಾಯಿ ಹಾಕುವ ಅಗತ್ಯವೇ ಬೀಳುವುದಿಲ್ಲ.