ಅಣ್ಣ ಯಾರು, ತಮ್ಮ ಯಾರು: ವಿಯೆಟ್ನಾಮಿ ಸಬ್‌ಟೈಟಲ್ ಮಾಡಿದ ನನ್ನ ಅನುಭವ

ಹೋ ಚಿ ಮಿನ್ ಸಿಟಿಗೆ ಕೆಲಸಕ್ಕೆ ಬಂದ ಮೇಲೆ ಅಂಟಿಕೊಂಡ ಹುಚ್ಚು ಇದು. ಜಪಾನಿನ ಸೂಪರ್‌ಹೀರೋ ಸಿನಿಮಾಗಳಿಗೆ ವಿಯೆಟ್ನಾಮಿ ಸಬ್‌ಟೈಟಲ್ ಮಾಡುವ ಸಣ್ಣ ಗುಂಪಿನಲ್ಲಿ ಟೈಮಿಂಗ್ (ಯಾವ ಸಾಲು ಯಾವಾಗ ಬಂದು ಯಾವಾಗ ಹೋಗಬೇಕು ಅನ್ನುವುದು) ಮತ್ತು ಫಾಂಟ್ ನನ್ನ ಪಾಲು. ಅನುವಾದ ಮಾಡುವವಳು ಜಪಾನಿ ಕಲಿತ ಇಲ್ಲಿನ ಗೆಳತಿ. ಕಾಸಿಲ್ಲ, ಸುಮ್ನೆ ಪ್ರೀತಿಗೆ.

ಇಲ್ಲಿನ ಟಿವಿಯಲ್ಲಿ ವಿದೇಶಿ ಸಿನಿಮಾಗಳಿಗೆ ಒಬ್ಬರೇ ಕೂತು ಎಲ್ಲ ಪಾತ್ರಗಳ ಮಾತನ್ನೂ ಓದುವ ರೂಢಿಯಿದೆ. ಕಥೆ ತಿಳಿಯುತ್ತದೆ, ಸರಿ. ಆದರೆ ಮುಖವಾಡದ ಜಪಾನಿ ಹೀರೋ ಕಾಮೆನ್ ರೈಡರ್ ಬೆಲ್ಟ್ ಮುಟ್ಟಿ 'ಹೆನ್‌ಶಿನ್', ಅಂದರೆ ರೂಪ ಬದಲಾಗಲಿ, ಅಂತ ಕೂಗುವಾಗ ಮೇಲೆ ಇನ್ನೊಂದು ದನಿ ಕೂತರೆ ಮಜಾ ಎಲ್ಲಿ? ಅದಕ್ಕೇ ಸಬ್‌ಟೈಟಲ್ ಬೇಕು.

ತುಂಬಾ ಸಬ್‌ಗಳು ಇಂಗ್ಲಿಷ್ ಸಬ್ ನೋಡಿಕೊಂಡು ಮಾಡಿದಂಥವು. ಎಡವಟ್ಟಾಗುವುದು ಅಲ್ಲೇ. ಅಲ್ಟ್ರಾಮ್ಯಾನ್ ಸರಣಿಯ ಹೀರೋಗಳಾದ ಅಲ್ಟ್ರಾ ಸೋದರರಲ್ಲಿ ಜೋಫಿ ಹಿರಿಯ, ತಾರೋ ಆರನೆಯವನು. ಜಪಾನಿಯಲ್ಲಿ ತಾರೋ ಜೋಫಿಗೆ 'ನೀಸಾನ್', ಅಂದರೆ ಅಣ್ಣ, ಅನ್ನುತ್ತಾನೆ. ಇಂಗ್ಲಿಷಿನಲ್ಲಿ ಅದು ಬರೀ 'ಬ್ರದರ್'. ವಿಯೆಟ್ನಾಮಿಯಲ್ಲಿ ದೊಡ್ಡವನೋ ಚಿಕ್ಕವನೋ ಗೊತ್ತಾಗದೆ ಬಾಯೇ ತೆರೆಯುವ ಹಾಗಿಲ್ಲ. ಅಣ್ಣನಿಗೆ 'ಅನ್', ತಮ್ಮನಿಗೆ 'ಎಮ್'. ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ತಮ್ಮನೇ ಅಣ್ಣನನ್ನು 'ಎಮ್' ಅಂತ ಕರೆದ ಸಬ್ ನೋಡಿದ್ದೇನೆ. ಸಾವಿನ ದೃಶ್ಯದಲ್ಲಿ ನಗು ಬಂತು.

ಅದಕ್ಕೇ ಮೊದಲ ಸಾಲು ಬರೆಯುವ ಮುಂಚೆ ನಾವು ಒಂದು ಪಟ್ಟಿ ಮಾಡುತ್ತೇವೆ. ಯಾರು ಯಾರನ್ನು ಹೇಗೆ ಕರೆಯುತ್ತಾರೆ, ಯಾವ ದೃಶ್ಯದಿಂದ ಅದು ಬದಲಾಗುತ್ತದೆ. ಇಬ್ಬರು ರೈಡರ್‌ಗಳು ಹೊಡೆದಾಡುವಾಗ 'ತಾವ್–ಮಯ್' (ನಾನು–ನೀನು) ಅನ್ನುವ ಒರಟು ಏಕವಚನ. ಆಮೇಲೆ ಒಟ್ಟಿಗೆ ನಿಂತಾಗ? ಬಿಡಬೇಕೋ, ಇಟ್ಟುಕೊಳ್ಳಬೇಕೋ? ಜೀವದ ಗೆಳೆಯರೂ ಹಾಗೇ ಕರೆದುಕೊಳ್ಳುತ್ತಾರಲ್ಲ! ಟೈಮಿಂಗ್‌ಗಿಂತ ಈ ಜಗಳಕ್ಕೇ ಹೊತ್ತು ಜಾಸ್ತಿ ಹೋಗುತ್ತದೆ.

ಟೈಮಿಂಗ್‌ಗೆ ಏಜಿಸಬ್ ಸಾಕು, ಪುಕ್ಕಟೆ ಸಾಫ್ಟ್‌ವೇರ್. ದನಿಯ ಅಲೆ ನೋಡಿ ಸಾಲನ್ನು ಚೂರು ಮುಂಚೆ ಶುರು ಮಾಡುತ್ತೇನೆ. ಶಾಟ್ ಬದಲಾಗುವ ಕಡೆ ಸಾಲು ಮುಂದಿನ ಶಾಟ್‌ಗೆ ಚಾಚಿಕೊಳ್ಳಬಾರದು. ಹೀರೋ ತನ್ನ ಒದೆತದ ಹೆಸರನ್ನು ಎಳೆದು ಕೂಗಿದರೆ, ಕೂಗು ನಿಲ್ಲುವವರೆಗೂ ಅಕ್ಷರ ಇರಬೇಕು. ಇನ್ನೊಂದು ವಿಷಯ: ವಿಯೆಟ್ನಾಮಿಯಲ್ಲಿ ಒಂದೇ ಪದದ ನಡುವೆಯೂ ಜಾಗ ಬಿಡುತ್ತಾರೆ. ಸೂಪರ್‌ಹೀರೋಗೆ 'ಸಿಯೆವ್ ನ್ಯನ್' ಅನ್ನುತ್ತಾರೆ. ಸಾಲು ಮುರಿಯುವಾಗ 'ಸಿಯೆವ್' ಮೇಲೆ, 'ನ್ಯನ್' ಕೆಳಗೆ ಬಿದ್ದರೆ ಓದುವವರು ತಡವರಿಸುತ್ತಾರೆ.

ಫಾಂಟ್‌ದು ಬೇರೆಯೇ ಗೋಳು. ಚೆಂದದ ಫಾಂಟ್ ಹಾಕಿದರೆ ತಲೆಯ ಮೇಲೆ ಎರಡೆರಡು ಗುರುತು ಹೊತ್ತ ಅಕ್ಷರಗಳೇ ಅದರಲ್ಲಿರುವುದಿಲ್ಲ. ಅಷ್ಟು ಮಾತ್ರ ಬೇರೆ ಫಾಂಟ್‌ನಲ್ಲಿ ಬಂದು ಪದ ತೇಪೆ ಹಾಕಿದಂತೆ ಕಾಣುತ್ತದೆ. ನಮ್ಮ ಒತ್ತಕ್ಷರ ಕೆಳಗೆ ಜಾಗ ಕೇಳಿದರೆ, ಇವು ಮೇಲೆ ಕೇಳುತ್ತವೆ. ಎರಡು ಸಾಲಿನ ಸಬ್‌ನಲ್ಲಿ ಕೆಳಗಿನ ದೊಡ್ಡಕ್ಷರದ ಗುರುತು ಮೇಲಿನ ಸಾಲಿಗೆ ತಾಗಬಾರದು. ಅಂಥ ಅಕ್ಷರಗಳನ್ನೆಲ್ಲ ಸೇರಿಸಿದ ಒಂದು ಪರೀಕ್ಷೆಯ ಸಾಲು ಇಟ್ಟುಕೊಂಡಿದ್ದೇನೆ. ಹೊಸ ಫಾಂಟ್ ಮೊದಲು ಅದನ್ನು ಪಾಸಾಗಬೇಕು.

ನಾವು ಹಂಚುವುದು ಸಬ್‌ಟೈಟಲ್ ಫೈಲ್ ಮಾತ್ರ, ಸಿನಿಮಾ ಅಲ್ಲ. ಅಧಿಕೃತ ವಿಯೆಟ್ನಾಮಿ ಸಬ್ ಬಂದರೆ ನಮ್ಮದನ್ನು ತೆಗೆದುಬಿಡುತ್ತೇವೆ. ಗೆಳತಿ ಮಾತ್ರ ಅದರಲ್ಲೂ ಮೊದಲು 'ಅನ್', 'ಎಮ್' ಸರಿ ಇದೆಯಾ ಅಂತ ನೋಡಿಯೇ ಒಪ್ಪುವುದು.